ರಾಯಚೂರಿನ ಡಬ್ಬಿಗೆ ರಾಯಚೂರಲ್ಲೇ ಲ್ಯಾಬ್ ಬೇಡವೇ?

ಮಾನ್ಯ ಸಂಪಾದಕರೇ,

ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿ ಇದೆ. ಅರ್ಜಿ ಬರೆಸಲು ಬರುವವರ ಕಥೆಗಳೆಲ್ಲ ಕೇಳಿ ಕೇಳಿ ಕಿವಿ ಗಟ್ಟಿಯಾಗಿದೆ. ಆದರೂ ಒಬ್ಬ ಹೆಣ್ಣುಮಗಳು ಹನ್ನೊಂದು ತಿಂಗಳಿಂದ ಬಂದು ಕೇಳುವ ಒಂದೇ ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. "ಅಣ್ಣಾ, ರಿಪೋರ್ಟ್ ಬಂತೇನ್ರಿ?"

ಆಕೆಯ ಗಂಡ ಹತ್ತಿಗೆ ಎಣ್ಣೆ, ಅಂದರೆ ಕ್ರಿಮಿನಾಶಕ, ಹೊಡೆಯಲು ಹೊಲಕ್ಕೆ ಹೋದವನು ಸಂಜೆ ಬದುವಿನ ಮೇಲೆ ಬಿದ್ದಿದ್ದ. ಕಾಲಲ್ಲಿ ಗಾಯದ ಗುರುತಿತ್ತು, ಪಕ್ಕದಲ್ಲೇ ಪಂಪೂ ಇತ್ತು. ಅರ್ಧ ಊರು ಹಾವು ಕಚ್ಚಿದೆ ಅಂದಿತು. ಇನ್ನರ್ಧ ಊರು ಎಣ್ಣೆ ಕುಡಿದ ಅಂದಿತು. ಪೋಸ್ಟ್‌ಮಾರ್ಟಮ್ ಆಯಿತು, ಯುಡಿಆರ್, ಅಂದರೆ ಅಸಹಜ ಸಾವಿನ ಕೇಸೂ ಆಯಿತು. ಕಾಗದದಲ್ಲಿ ಮಾತ್ರ ಸಾವಿನ ಕಾರಣದ ಜಾಗದಲ್ಲಿ 'ಎಫ್‌ಎಸ್‌ಎಲ್ ವರದಿ ಬರುವವರೆಗೆ ಅಭಿಪ್ರಾಯ ಕಾಯ್ದಿರಿಸಿದೆ' ಅಂತ ಬರೆದಿದ್ದಾರೆ. ಎಫ್‌ಎಸ್‌ಎಲ್ ಅಂದರೆ ಪೊಲೀಸ್ ಕೇಸಿನ ಸ್ಯಾಂಪಲ್ ಪರೀಕ್ಷಿಸುವ ಸರ್ಕಾರಿ ಫೊರೆನ್ಸಿಕ್ ಲ್ಯಾಬ್. ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ ಆಗುತ್ತಲ್ಲ, ಆ ಸುರಕ್ಷಾ ಬಿಮಾ ಅವನಿಗಿತ್ತು. ಅಪಘಾತದಲ್ಲಿ ಸತ್ತರೆ 2 ಲಕ್ಷ ಬರುತ್ತದೆ, ಆತ್ಮಹತ್ಯೆಯಾದರೆ ಏನೂ ಇಲ್ಲ. ಲ್ಯಾಬಿನವರು ಯಾರೂ 'ಅವನೇ ಕುಡಿದ' ಅಂತ ಬರೆದುಕೊಡಲ್ಲ, ಅದು ಅವರ ಕೆಲಸವೂ ಅಲ್ಲ. ಆದರೆ ಹೊಟ್ಟೆಯಲ್ಲಿ ಕ್ರಿಮಿನಾಶಕ ಇತ್ತೋ ಇಲ್ಲವೋ ಅನ್ನುವುದನ್ನಾದರೂ ಹೇಳುತ್ತಾರಲ್ವಾ? ಅಷ್ಟು ಗೊತ್ತಾದರೆ ಊರಿನ ಬಾಯಿ ಅರ್ಧ ಮುಚ್ಚುತ್ತಿತ್ತು.

ಪೋಸ್ಟ್‌ಮಾರ್ಟಮ್‌ನಲ್ಲಿ ತೆಗೆದ ಅಂಗಗಳ ಡಬ್ಬಿಗಳು ಲ್ಯಾಬಿಗೆ ಹೇಗೆ ಹೋಗುತ್ತವೆ ಅಂತ ಒಮ್ಮೆ ನಾನೇ ನೋಡಿದ್ದೇನೆ. ಬೇರೆ ಯಾವುದೋ ಕೇಸು. ಒಬ್ಬ ಕಾನ್‌ಸ್ಟೇಬಲ್ ಬಂದು ಕವರಿಂಗ್ ಲೆಟರಿನ ಮೂರು ಜೆರಾಕ್ಸ್ ಕೇಳಿದರು. ಕೈಯಲ್ಲಿದ್ದ ರಟ್ಟಿನ ಪೆಟ್ಟಿಗೆಯನ್ನು ನನ್ನ ಮೆಷಿನ್ ಪಕ್ಕದಲ್ಲೇ ಇಟ್ಟರು. ಏನ್ರೀ ಇದು ಅಂದೆ. "ವಿಸೆರಾ" ಅಂದರು ಸುಮ್ನೆ, ಟೊಮೆಟೊ ಅಂದಂತೆ. ಒಂದು ಡಬ್ಬಿಯಲ್ಲಿ ಜಠರ ಮತ್ತು ಕರುಳಿನ ತುಂಡು, ಇನ್ನೊಂದರಲ್ಲಿ ಲಿವರ್ ಮತ್ತು ಕಿಡ್ನಿ, ಎರಡಕ್ಕೂ ತುಂಬಾ ಉಪ್ಪು ಕರಗಿಸಿದ ನೀರು, ಮೇಲೆ ಬಟ್ಟೆ ಕಟ್ಟಿ ಅರಗಿನ ಸೀಲು. ಹಾಕಿದ ಉಪ್ಪುನೀರಲ್ಲೇ ಏನಾದರೂ ಇತ್ತಾ ಅನ್ನುವ ಅನುಮಾನ ಬರಬಾರದು ಅಂತ ಅದರದ್ದೂ ಬೇರೆ ಸ್ಯಾಂಪಲ್ ಇಟ್ಟಿದ್ದರು. ಇಷ್ಟೆಲ್ಲ ಮುತುವರ್ಜಿ ಮಾಡಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಬಸ್ಸಿನಲ್ಲಿ ಕಲಬುರಗಿಯ ಪ್ರಾದೇಶಿಕ ಲ್ಯಾಬಿಗೆ ಹೋಗಬೇಕು, ಕೆಲವು ಪರೀಕ್ಷೆಗಾದರೆ ಬೆಂಗಳೂರಿನ ಮಡಿವಾಳದ ಲ್ಯಾಬಿಗೆ, ಅಂದರೆ ನಾನೂರು ಕಿಲೋಮೀಟರಿಗಿಂತ ಜಾಸ್ತಿ. ಠಾಣೆಯಲ್ಲಿ ಒಬ್ಬರು ಕಡಿಮೆ. ಅಲ್ಲಿ ತಲುಪಿದ ಮೇಲೆ ಸರದಿ. ಉಪ್ಪುನೀರು ಎಷ್ಟು ದಿನ ಅಂತ ಕಾಯುತ್ತದೆ? ಕೆಲವು ಕ್ರಿಮಿನಾಶಕಗಳು ದಿನ ಕಳೆದಂತೆ ಒಡೆದು ಹೋಗುತ್ತವೆ. ತಡವಾದರೆ ಇದ್ದ ವಿಷವೂ ಸಿಗದೆ ಹೋಗಬಹುದು.

ಇನ್ನು ಹೊಸ ಕಾನೂನಿನ ಮಾತು. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಜಾಗಕ್ಕೇ ಹೋಗಿ ಸಾಕ್ಷ್ಯ ಎತ್ತಬೇಕು, ವಿಡಿಯೋ ಮಾಡಿಸಬೇಕು. ರಾಜ್ಯಗಳು ಇದಕ್ಕೆ ತಯಾರಾಗಲು 5 ವರ್ಷದ ಗಡುವು. ಒಳ್ಳೆಯದೇ. ಆದರೆ ಹಾಗೆ ಎತ್ತಿದ್ದೆಲ್ಲ ಕೊನೆಗೆ ಹೋಗಿ ಬೀಳುವುದು ಅದೇ ಲ್ಯಾಬಿನ ಮೇಜಿನ ಮೇಲೆ ತಾನೇ? ಬಾಗಿಲಲ್ಲಿ ಸಾಮಾನು ಜಾಸ್ತಿ ಮಾಡಿ ಒಳಗೆ ಜನ ಅಷ್ಟೇ ಇದ್ದರೆ ಏನಾಗುತ್ತದೆ ಅಂತ ರೇಷನ್ ಅಂಗಡಿ ನೋಡಿದವರಿಗೆಲ್ಲ ಗೊತ್ತು.

ಕೇಂದ್ರ 2024ರ ಜೂನ್‌ನಲ್ಲಿ ಫೊರೆನ್ಸಿಕ್ ಮೂಲಸೌಕರ್ಯಕ್ಕೆ ಸುಮಾರು 2,254 ಕೋಟಿಯ ಯೋಜನೆ ಒಪ್ಪಿತು. ಅದು ವಿಧಿವಿಜ್ಞಾನ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್‌ಗಳಿಗೆ, ಕೇಂದ್ರದ್ದೇ ಲ್ಯಾಬ್‌ಗಳಿಗೆ. ರಾಜ್ಯದ ಪ್ರಾದೇಶಿಕ ಲ್ಯಾಬನ್ನು ರಾಜ್ಯವೇ ಸಾಕಬೇಕು. ಸಾಕುವುದು ಅಂದರೆ ಕಟ್ಟಡ ಕಟ್ಟಿ ಟೇಪು ಕತ್ತರಿಸುವುದಲ್ಲ. ಕೆಮಿಕಲ್ ತರಿಸಬೇಕು, ಮೆಷಿನ್ ಕೆಟ್ಟರೆ ಅದೇ ವಾರ ರಿಪೇರಿ ಆಗಬೇಕು, ಕಾಯಂ ವಿಜ್ಞಾನಿಗಳಿರಬೇಕು. ಈ ಖರ್ಚಿಗೆ ಉದ್ಘಾಟನೆಯ ಕಲ್ಲು ಹಾಕಿಸಿಕೊಳ್ಳಲು ಆಗಲ್ಲ, ಅದಕ್ಕೇ ಯಾರಿಗೂ ಆಸಕ್ತಿ ಇಲ್ಲ ಅನಿಸುತ್ತದೆ.

ಏಮ್ಸ್ ಬೇಕು ಅಂತ 2022ರಲ್ಲಿ ಧರಣಿ ಕೂತ ಜಿಲ್ಲೆ ನಮ್ಮದು. ಅಷ್ಟು ದೊಡ್ಡದನ್ನು ಈ ಪತ್ರದಲ್ಲಿ ಕೇಳುತ್ತಿಲ್ಲ. ರಾಯಚೂರಿನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ರಿಮ್ಸ್ ಇದೆ. ಅದರ ಹತ್ತಿರವೇ ವಿಷ ಪರೀಕ್ಷೆಯ ಒಂದು ವಿಭಾಗ ಮಾಡಿ ಸಾಕು, ಡಿಎನ್‌ಎ ಆಮೇಲೆ ನೋಡೋಣ. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ಜಿಲ್ಲೆ, ಮನೆಮನೆಯಲ್ಲೂ ಎಣ್ಣೆ ಡಬ್ಬಿ ಇದೆ, ಕೆಲಸ ಇಲ್ಲದೆ ಕೂರುವ ವಿಭಾಗವಂತೂ ಆಗಲ್ಲ. ಕಟ್ಟಡ ಮತ್ತು ಮೆಷಿನ್‌ಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ದುಡ್ಡು ಕೊಡಲಿ, ವರ್ಷಕ್ಕೆ 5,000 ಕೋಟಿ ಅಂತ ಘೋಷಿಸಿದ್ದಾರಲ್ಲ. ಸಂಬಳ, ಕೆಮಿಕಲ್, ರಿಪೇರಿ ಮಾತ್ರ ಗೃಹ ಇಲಾಖೆಯ ಬಜೆಟ್ಟಿನಲ್ಲಿ ಪ್ರತಿ ವರ್ಷ ಬೇರೆ ಸಾಲಿನಲ್ಲಿ ಕಾಣಬೇಕು.

ನಿಮ್ಮ ವರದಿಗಾರರಿಗೆ ಒಂದು ಕೆಲಸ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಲಬುರಗಿ ಲ್ಯಾಬಿನಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ನಮ್ಮ ಜಿಲ್ಲೆಯ ಎಷ್ಟು ಡಬ್ಬಿ ಸೀಲು ಒಡೆಯದೆ ಕೂತಿವೆ, ಅದರಲ್ಲಿ ಎಲ್ಲಕ್ಕಿಂತ ಹಳೆಯದು ಯಾವ ತಿಂಗಳದ್ದು, ಇಷ್ಟನ್ನು ಕೇಳಿ ಅಚ್ಚು ಹಾಕಿ. ಆ ಪುಟವನ್ನು ಅಂಗಡಿಯಲ್ಲಿ ಅಂಟಿಸುತ್ತೇನೆ. ಆಕೆ ಮುಂದಿನ ಸಲ ಬಂದಾಗ ತೋರಿಸಲು ಏನಾದರೂ ಇರುತ್ತದೆ.

– ಓದುಗ, ಮಾನ್ವಿ, ರಾಯಚೂರು ಜಿಲ್ಲೆ