ಶಿಲ್ಪಿಯಾಗಲು ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ಶಿಲ್ಪಿಯಾಗಬೇಕಾದರೆ ಅಪ್ಪನ ಕುಂಬಾರಿಕೆಯ ತಿಗರಿಯನ್ನು ಬಿಟ್ಟು ತುಮಕೂರಿನ ಕಲಾಶಾಲೆಗೆ ಹೋಗಲೇಬೇಕು ಎಂದು ಬರೆದಿದ್ದೀಯ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ನಾನು ನಿನಗೆ ಕಲೆಯ ಪಾಠ ಹೇಳುವುದು ಅಧಿಕಪ್ರಸಂಗವೇ ಸರಿ. ಆದರೂ ಹ್ಯಾನ್ಸ್ ಕೋಪರ್ ಎಂಬ ಕುಂಬಾರನ ವಿಷಯ ಹೇಳದೆ ಬಿಡುವವನಲ್ಲ.

1920ರಲ್ಲಿ ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಹುಟ್ಟಿದವನು. ತಂದೆ ಯೆಹೂದಿ. ನಾಜಿಗಳ ಕಾಟ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದರೆ, ಅಲ್ಲಿ ಶತ್ರುದೇಶದವನೆಂದು ಹಿಡಿದು ಕೆನಡಾಕ್ಕೆ ಸಾಗಿಸಿದರು! ಯುದ್ಧ ಮುಗಿದ ಮೇಲೆ, 1946ರಲ್ಲಿ, ಲಂಡನ್ನಿನ ಲೂಸಿ ರೀ ಎಂಬ ಕುಂಬಾರ ಕಲಾವಿದೆಯ ಬಳಿ ಕೆಲಸಕ್ಕೆ ಸೇರಿದ. ಆಕೆ ಆಗ ಹೊಟ್ಟೆಪಾಡಿಗೆ ಕೋಟುಗಳಿಗೆ ಮಣ್ಣಿನ ಗುಂಡಿ ಮಾಡಿಕೊಡುತ್ತಿದ್ದಳು. ಇವನಿಗೆ ಕುಂಬಾರಿಕೆಯ ಗಂಧವೇ ಇರಲಿಲ್ಲ. ಇದ್ದದ್ದು ಶಿಲ್ಪಿಯಾಗುವ ಆಸೆ. ಗುಂಡಿಯಿಂದ ಕಾಫಿ ಕಪ್ಪಿಗೆ, ಅಲ್ಲಿಂದ ತಿಗರಿಗೆ ಅಂಟಿಕೊಂಡವನು ಮತ್ತೆ ಅದನ್ನು ಬಿಡಲಿಲ್ಲ.

ಅವನ ಕೆಲಸದ ರೀತಿ ನೋಡು. ಕಾಲು ಬೇರೆ, ಹೊಟ್ಟೆ ಬೇರೆ, ಕಂಠ ಬೇರೆ. ಎಲ್ಲವನ್ನೂ ತಿಗರಿಯ ಮೇಲೆಯೇ ಎತ್ತಿ, ಮಣ್ಣು ಸ್ವಲ್ಪ ಬಿಗಿದಾಗ ಹೊಟ್ಟೆಯನ್ನು ಅದುಮಿ ಚಪ್ಪಟೆ ಮಾಡಿ, ಒಂದರ ಮೇಲೊಂದು ಕೂಡಿಸುತ್ತಿದ್ದ. ಮೇಲೆ ಬಿಳಿ ಮಣ್ಣಿನ ಲೇಪ, ಮ್ಯಾಂಗನೀಸಿನ ಕಪ್ಪು. ಬಳಿದು, ಕೆರೆದು, ಉಜ್ಜಿ, ಮತ್ತೆ ಬಳಿದು ಒಂದೇ ಸಲ ಸುಡುತ್ತಿದ್ದ. ಹೊಳಪಿಲ್ಲ, ಬಣ್ಣದ ಆಡಂಬರವಿಲ್ಲ. ನೆಲ ಅಗೆದಾಗ ಸಿಕ್ಕಿದ ಪಾತ್ರೆಯಂತೆ ಕಾಣುತ್ತದೆ. ಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ಹಾಳಾದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1962ರಲ್ಲಿ ಹೊಸ ಕ್ಯಾಥೆಡ್ರಲ್, ಅಂದರೆ ದೊಡ್ಡ ಚರ್ಚು, ಎದ್ದಾಗ, ಅದಕ್ಕೆ ಮೇಣದಬತ್ತಿ ನಿಲ್ಲಿಸುವ ಆಳೆತ್ತರದ ಆರು ಸ್ತಂಭಗಳನ್ನು ಮಾಡಿಕೊಟ್ಟವನೂ ಇವನೇ. ಅವುಗಳದೂ ಹಾಗೆಯೇ, ತಿಗರಿಯಿಂದ ಬಂದ ತುಂಡುಗಳ ಜೋಡಣೆ. ಶಿಲ್ಪವಲ್ಲ ಎನ್ನು ನೋಡೋಣ!

ಕೊನೆಗೆ ನರರೋಗ ಅವನ ಕೈಯ ಶಕ್ತಿಯನ್ನೇ ಕಸಿಯಿತು. 1981ರಲ್ಲಿ ತೀರಿಕೊಂಡ.

ನಿನ್ನಪ್ಪ ಗಡಿಗೆಯನ್ನು ತಿಗರಿಯಿಂದ ಇಳಿಸಿ, ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆ ಬರಿಸುತ್ತಾರಲ್ಲ, ಅದನ್ನು ಯಾವ ಕಲಾಶಾಲೆಯಲ್ಲಿ ಕಲಿಯುತ್ತೀಯ? ತುಮಕೂರಿಗೆ ಹೋಗು, ಬೇಡವೆನ್ನುವುದಿಲ್ಲ. ಆ ತಟ್ಟುವ ಕೈ ಬಂದ ಮೇಲೆ ಹೋಗು. ಕೆರೆಮಣ್ಣು ಸಾಲದಿದ್ದರೆ ತಿಳಿಸು, ಇಲ್ಲಿಂದ ಒಂದು ಟ್ರ್ಯಾಕ್ಟರ್ ಲೋಡು ಕಳಿಸುತ್ತೇನೆ. ಬಾಡಿಗೆ ಮಾತ್ರ ನಿನ್ನದು.

ನಿನ್ನ,
ರಘು