ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಐದು ರಂಧ್ರಗಳಾಚೆಗೆ

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಜಾಹೀರಾತುಗಳಲ್ಲಿ ಎದ್ದು ಕಾಣುವ ಪದ ‘ಕೀಹೋಲ್’. ಹೊಟ್ಟೆ ಕೊಯ್ಯುವುದಿಲ್ಲ, ನಾಲ್ಕೈದು ರಂಧ್ರ ಅಷ್ಟೇ, ಎರಡು ಮೂರು ದಿನಕ್ಕೆ ಮನೆಗೆ ಎನ್ನುತ್ತಾರೆ. ಸುಳ್ಳೇನಲ್ಲ. 5ರಿಂದ 15 ಮಿ.ಮೀ. ಅಗಲದ ರಂಧ್ರಗಳಲ್ಲೇ ಕೆಲಸ ಮುಗಿಯುವುದರಿಂದ ನೋವು ಕಮ್ಮಿ, ಗಾಯ ಕೀವಾಗುವುದೂ ಮುಂದೆ ಅಲ್ಲಿ ಹರ್ನಿಯಾ ಆಗುವುದೂ ಕಮ್ಮಿ. ಆದರೆ ಮೇಲಿನ ಗಾಯ ಸಣ್ಣದಾದ ಮಾತ್ರಕ್ಕೆ ಒಳಗೆ ನಡೆಯುವುದೂ ಸಣ್ಣದೇ ಎಂದು ಅನೇಕರು ತಿಳಿದಿದ್ದಾರೆ.

ಸ್ಲೀವ್ ಶಸ್ತ್ರಚಿಕಿತ್ಸೆಯನ್ನೇ ನೋಡಿ. ಬಾಯಿಯ ಮೂಲಕ ಸುಮಾರು 12 ಮಿ.ಮೀ. ದಪ್ಪದ ಕೊಳವೆಯೊಂದನ್ನು ಜಠರಕ್ಕೆ ಇಳಿಸಿ, ಅದರ ಗುಂಟ ಸ್ಟೇಪ್ಲರ್ ಹಾಕುತ್ತಾ ಹೋಗಿ, ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ಹೊರತೆಗೆಯುತ್ತಾರೆ. ತೆಗೆದದ್ದನ್ನು ಮತ್ತೆ ಜೋಡಿಸಲಾಗದು. ಜಠರ ಬಾಗುವ ಜಾಗದಲ್ಲಿ ಸ್ಟೇಪ್ಲರ್ ಕೊಳವೆಗೆ ತೀರಾ ಒತ್ತಿಕೊಂಡರೆ ಅಲ್ಲಿ ದಾರಿ ಕಿರಿದಾಗುತ್ತದೆ. ಕೆಳಗೆ ಕಿರಿದಾದರೆ ಮೇಲೆ ಒತ್ತಡ ಏರುತ್ತದೆ. ಹೊಲಿಗೆ ಸೋರುವುದು ಹೆಚ್ಚಾಗಿ ಅನ್ನನಾಳ ಕೂಡುವ ಮೇಲ್ತುದಿಯಲ್ಲೇ ಎಂಬುದಕ್ಕೆ ಇದೂ ಒಂದು ಕಾರಣ. ಸೋರಿಕೆಯ ಮೊದಲ ಸುಳಿವು ಹೊಟ್ಟೆನೋವೇ ಆಗಬೇಕೆಂದಿಲ್ಲ. ನಿಮಿಷಕ್ಕೆ 120 ದಾಟಿ ಇಳಿಯದ ನಾಡಿಬಡಿತ, ಜ್ವರ, ಎಡಭುಜದ ನೋವು ಸಾಕು. ಮನೆಗೆ ಬಂದು ವಾರವಾದ ಮೇಲೂ ಇದು ಕಾಣಿಸಿಕೊಳ್ಳಬಹುದು. ಆಗ ‘ಗ್ಯಾಸ್ ಇರಬೇಕು’ ಎಂದು ಕೂರುವಂತಿಲ್ಲ.

ಇನ್ನೊಂದು ವಿಧಾನವಾದ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚೀಲ ಮಾಡಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಇದರ ಅಪಾಯ ತಡವಾಗಿಯೂ ಬರುತ್ತದೆ. ತೂಕ ಇಳಿದಂತೆ ಕರುಳಿನ ಪೊರೆಯ ಕೊಬ್ಬೂ ಕರಗಿ, ಪೊರೆಯಲ್ಲಿನ ಸಂದುಗಳು ಅಗಲವಾಗುತ್ತವೆ. ಕರುಳು ಅಲ್ಲಿ ನುಸುಳಿ ಸಿಕ್ಕಿಕೊಳ್ಳಬಹುದು. ವರ್ಷಗಳ ನಂತರ ಬಂದು ಹೋಗುವ ಹೊಟ್ಟೆನೋವನ್ನು ಅಸಿಡಿಟಿ ಎಂದು ತಳ್ಳಿಹಾಕಬಾರದು ಎನ್ನುವುದು ಇದಕ್ಕೇ.

ಯಾರಿಗೆ ಇದು ಸೂಕ್ತ? 1991ರಿಂದ ಬಹುಕಾಲ ಚಾಲ್ತಿಯಲ್ಲಿದ್ದ ಅಳತೆ: ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 40, ಅಥವಾ ಮಧುಮೇಹದಂಥ ಕಾಯಿಲೆ ಜೊತೆಗಿದ್ದರೆ 35. ಬೊಜ್ಜು ಶಸ್ತ್ರಚಿಕಿತ್ಸಕರ ಅಮೆರಿಕದ ಹಾಗೂ ಅಂತರರಾಷ್ಟ್ರೀಯ ಸಂಘಟನೆಗಳು 2022ರಲ್ಲಿ ಇದನ್ನು ಸಡಿಲಿಸಿದವು. 35 ಇದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಶಿಫಾರಸು ಮಾಡಬಹುದು. 30ರಿಂದ 35ರೊಳಗೆ ಇದ್ದು ಮಧುಮೇಹವಿದ್ದರೂ ಸರಿ. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯೊಳಗೆ ಕೊಬ್ಬು ತುಂಬಿ ಮಧುಮೇಹ ಬರುವುದರಿಂದ 27.5ರಿಂದಲೇ ಪರಿಗಣಿಸಬಹುದು. 160 ಸೆಂ.ಮೀ. ಎತ್ತರದವರಿಗೆ 35 ಎಂದರೆ ಸುಮಾರು 90 ಕೆ.ಜಿ., 27.5 ಎಂದರೆ 70. ಈ ಕೊನೆಯ ಅಂಕಿಯನ್ನು ‘ಎಪ್ಪತ್ತು ಕೆ.ಜಿ. ದಾಟಿದವರೆಲ್ಲ ಬನ್ನಿ’ ಎಂದು ಓದುವವರೂ ಇದ್ದಾರೆ. ಬಿಎಂಐ ಬಾಗಿಲು ತೆರೆಯುತ್ತದೆ, ಅಷ್ಟೇ.

ಸರಿಪಡಿಸದ ಥೈರಾಯ್ಡ್ ಕೊರತೆ ಅಥವಾ ಕುಷಿಂಗ್ ಕಾಯಿಲೆ (ದೇಹದಲ್ಲಿ ಕಾರ್ಟಿಸೋಲ್ ಹಾರ್ಮೋನು ಅತಿಯಾಗುವುದು), ಮದ್ಯದ ಚಟ, ಹತೋಟಿಗೆ ಬಾರದ ಮಾನಸಿಕ ಕಾಯಿಲೆ, ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ತೀವ್ರ ಎದೆಯುರಿ ಇರುವವರಿಗೆ ಸ್ಲೀವ್ ಮಾಡಿದರೆ ಉರಿ ಹೆಚ್ಚುವ ಸಂಭವವಿದೆ, ಅವರಿಗೆ ಬೈಪಾಸ್ ವಾಸಿ. ಸಿಗರೇಟು ಬಿಡದವರಿಗೆ, ಕೀಲುನೋವಿಗೆಂದು ದಿನವೂ ನೋವಿನ ಮಾತ್ರೆ ನುಂಗುವವರಿಗೆ ಬೈಪಾಸ್ ಜೋಡಣೆಯಲ್ಲಿ ಹುಣ್ಣಾಗುವ ಸಂಭವ ಹೆಚ್ಚು. ಅಲ್ಲಲ್ಲಿ ಉಬ್ಬಿದ ಕೊಬ್ಬು ತೆಗೆಸಬೇಕೆಂದು ಬರುವವರು ಕೇಳುತ್ತಿರುವುದು ಲೈಪೊಸಕ್ಷನ್. ಅದು ಬೊಜ್ಜಿನ ಕಾಯಿಲೆಗೆ ಚಿಕಿತ್ಸೆಯೇ ಅಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ವಾರ ದಿನಕ್ಕೆ 800ರಿಂದ 1,000 ಕ್ಯಾಲೊರಿಯ ಪಥ್ಯ ಹೇಳುವುದುಂಟು. ಕೊಬ್ಬು ತುಂಬಿದ ಯಕೃತ್ತಿನ ಎಡಭಾಗ ಜಠರವನ್ನು ಮುಚ್ಚಿಕೊಂಡಿರುತ್ತದೆ. ಪಥ್ಯದಿಂದ ಅದು ಕುಗ್ಗಿದರೆ ಎತ್ತಿ ಹಿಡಿಯುವುದು ಸುಲಭ. ಆಮೇಲೆ ತಿನ್ನಲಾಗದಲ್ಲ ಎಂದು ಆ ಹದಿನೈದು ದಿನವನ್ನೇ ಔತಣ ಮಾಡಿಕೊಳ್ಳುವವರಿದ್ದಾರೆ. ಯಕೃತ್ತು ಮೇಲೇಳದಿದ್ದರೆ ಕೀಹೋಲ್ ಬಿಟ್ಟು ಹೊಟ್ಟೆ ತೆರೆಯಬೇಕಾದೀತು, ಇಲ್ಲವೇ ಕೆಲಸ ಅಲ್ಲಿಗೇ ನಿಲ್ಲಿಸಬೇಕಾದೀತು. ಇನ್ಸುಲಿನ್ ತೆಗೆದುಕೊಳ್ಳುವವರು ಈ ಪಥ್ಯಕ್ಕೆ ಇಳಿಯುವ ಮೊದಲೇ ವೈದ್ಯರಿಂದ ಪ್ರಮಾಣ ಕಡಿಮೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಸಕ್ಕರೆ ಕುಸಿಯುತ್ತದೆ.

ನಂತರದ ಲೆಕ್ಕವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್. ಮಲ್ಟಿವಿಟಮಿನ್, ಬಿ12, ಡಿ, ಕಬ್ಬಿಣ, ಸಿಟ್ರೇಟ್ ರೂಪದ ಕ್ಯಾಲ್ಸಿಯಂ ಜೀವನಪೂರ್ತಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರ. ಬಸಿರು ಒಂದರಿಂದ ಒಂದೂವರೆ ವರ್ಷ ಮುಂದಕ್ಕೆ. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರುವುದನ್ನು ಕಂಡು ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಅದು ಮತ್ತೆ ಬೆಳೆಯುತ್ತದೆ. ಬಿಟ್ಟೂ ಬಿಡದ ವಾಂತಿ ಮಾತ್ರ ಹಾಗಲ್ಲ. ಕೆಲವೇ ವಾರಗಳಲ್ಲಿ ಬಿ1 ವಿಟಮಿನ್ ಬರಿದಾಗಿ, ಕಣ್ಣು ಎರಡೆರಡು ಕಂಡು, ನಡಿಗೆ ತೂರಾಡಿ, ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಅಂಥವರಿಗೆ ಬಿ1 ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಏರಿಸಿದರೆ ಸ್ಥಿತಿ ಇನ್ನಷ್ಟು ಕೆಡುತ್ತದೆ. ರಾತ್ರಿ ಹೊತ್ತು ವಾಂತಿಯೆಂದು ಹತ್ತಿರದ ಆಸ್ಪತ್ರೆಗೆ ಓಡಿದಾಗ ಅಲ್ಲಿನ ವೈದ್ಯರಿಗೆ ಕಾಣುವುದು ಮಾಸಿದ ಐದು ಚುಕ್ಕೆಗಳಷ್ಟೇ. ಯಾವ ಶಸ್ತ್ರಚಿಕಿತ್ಸೆ, ಯಾವ ದಿನ, ವಾಂತಿಯಾದರೆ ಮೊದಲು ಬಿ1 ಎಂದು ಬರೆದ ಚೀಟಿಯೊಂದು ಪರ್ಸಿನಲ್ಲಿರಲಿ.