ರಂಗಪ್ರವೇಶಕ್ಕೆ ಮೊದಲು ಒಂದು ಪರೀಕ್ಷೆ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಮೃದಂಗ ನುಡಿಸುವವನು. ಮುಂಬಯಿಯ ಮಾಟುಂಗಾ, ಚೆಂಬೂರು, ಮುಲುಂಡ್, ಎಲ್ಲಿಂದ ರಂಗಪ್ರವೇಶಕ್ಕೆ, ಅಂದರೆ ಭರತನಾಟ್ಯ ಕಲಿತವರ ಮೊದಲ ಪೂರ್ಣ ಕಾರ್ಯಕ್ರಮಕ್ಕೆ, ಕರೆ ಬಂದರೂ ಲೋಕಲ್ ರೈಲಿನ ಲಗೇಜ್ ಡಬ್ಬಿ ಹತ್ತಿ ಹೋಗುತ್ತೇನೆ. ಹೋದ ವರ್ಷ ಒಂದು ಕಡೆ ಸನ್ಮಾನ ಎಷ್ಟು ಉದ್ದ ಆಯಿತೆಂದರೆ ಹಾಲ್‌ನವರು ಟೈಮ್ ಆಯ್ತು ಅಂದರು. ಕೊನೆಯ ನೃತ್ಯವಾದ ತಿಲ್ಲಾನ ಅರ್ಧಕ್ಕೆ ಮುಗಿಯಿತು. ಶಾಲು ಮಾತ್ರ ಒಂದೂ ಕಡಿಮೆ ಆಗಲಿಲ್ಲ! ಮರುದಿನದ ವರದಿಯಲ್ಲಿ ದೀಪ ಹಚ್ಚಿದವರ ಹೆಸರೆಲ್ಲ ಇತ್ತು, ಹುಡುಗಿ ಮುಖ್ಯ ನೃತ್ಯವಾದ ವರ್ಣ ಹೇಗೆ ಮಾಡಿದಳು ಅಂತ ಇರಲಿಲ್ಲ.

ಈಚೆಗೆ ಹವಾಯಿಯ ಹುಲಾ ನೃತ್ಯದ ಬಗ್ಗೆ ಓದುತ್ತಿದ್ದೇನೆ. ನನ್ನನ್ನು ಎಳೆದದ್ದು ಅವರ ಪಹು ಎಂಬ ವಾದ್ಯ. ತೆಂಗಿನ ಕಾಂಡ ಕೊರೆದು, ಶಾರ್ಕ್ ಮೀನಿನ ಚರ್ಮ ಬಿಗಿಯುತ್ತಾರೆ. ನಮ್ಮ ಹಲಸಿನ ಮರದ ಮೃದಂಗಕ್ಕೆ ದೂರದ ದಾಯಾದಿ ಅನ್ನಿ. ಹುಲ್ಲಿನ ಲಂಗ ತೊಟ್ಟು ಪ್ರವಾಸಿಗರ ಮುಂದೆ ಕುಣಿಯುವುದಷ್ಟೇ ಹುಲಾ ಅಲ್ಲ. 1830ರಲ್ಲಿ ರಾಣಿ ಕಾಅಹುಮಾನು ಅದನ್ನು ಎಲ್ಲರೆದುರು ಕುಣಿಯಬಾರದು ಎಂದು ನಿಷೇಧಿಸಿದಳು. ರಾಜ ಕಲಾಕೌವಾ 1883ರಲ್ಲಿ ತನ್ನ ಪಟ್ಟಾಭಿಷೇಕದಲ್ಲಿ ಮತ್ತೆ ಅದನ್ನು ಮುಂದೆ ತಂದ. ನಡುವಿನ ಅಷ್ಟು ವರ್ಷ ಅದು ಉಳಿದದ್ದು ಗುರುಗಳ ಬಾಯಲ್ಲಿ, ಶಿಷ್ಯರ ಮೈಯಲ್ಲಿ.

ಅವರ ಶಾಲೆಗೆ ಹಾಲಾವ್ ಎನ್ನುತ್ತಾರೆ, ಗುರುವಿಗೆ ಕುಮು ಹುಲಾ. ಕಲಿಕೆ ಮುಗಿದಾಗ ನಡೆಯುವುದು ಊನಿಕಿ. ಹಳೆಯ ಪದ್ಧತಿಯಲ್ಲಿ ಶಾಲೆಯೊಳಗೇ ಕಾಡಿನ ಸೊಪ್ಪು, ಬಳ್ಳಿ, ಹೂವಿನಿಂದ ಸಿಂಗರಿಸಿದ ಪೀಠ ಇರುತ್ತಿತ್ತು. ಅದು ಹುಲಾದ ದೇವತೆ ಲಾಕಾಳದು. ಊಟ, ನಡತೆಗೆಲ್ಲ ಕಟ್ಟುನಿಟ್ಟು. ಊನಿಕಿಯ ಹಿಂದಿನ ರಾತ್ರಿ ಶಿಷ್ಯರೆಲ್ಲ ಕತ್ತಲಲ್ಲೇ ಸಮುದ್ರಸ್ನಾನ ಮಾಡಬೇಕಿತ್ತು. ದೇವರಿಗೆ ಒಪ್ಪಿಸಿದ ಹಂದಿಯ ಮಾಂಸವೇ ಪ್ರಸಾದ. (ನಮ್ಮ ಸಂಘಗಳ ಉಪ್ಪಿಟ್ಟು-ಕೇಸರಿಬಾತಿಗೆ ಇಲ್ಲಿ ಜಾಗವಿಲ್ಲ.) ಇಂದು ಎಲ್ಲ ಶಾಲೆಗಳೂ ಹೀಗೇ ಮಾಡುವುದಿಲ್ಲ. ಒಬ್ಬೊಬ್ಬ ಗುರುವಿನದು ಒಂದೊಂದು ಕ್ರಮ. ಆದರೂ ಮುಖ್ಯ ವಿಧಿಗಳನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ನಡೆಸುವ ಶಾಲೆಗಳು ಈಗಲೂ ಇವೆ. ಚಪ್ಪಾಳೆ ಬೇಕಾದವರಿಗೆ ಹೀಲೋ ಊರಿನ ಮೆರ‍್ರಿ ಮೊನಾರ್ಕ್ ಉತ್ಸವ ಇದೆ. 1971ರಿಂದ ಅಲ್ಲಿ ಹುಲಾ ಸ್ಪರ್ಧೆಯೂ ನಡೆಯುತ್ತಿದೆ. ಅದು ಬೇರೆ, ಊನಿಕಿ ಬೇರೆ. ನಾವು ಎರಡನ್ನೂ ಒಂದೇ ಸಂಜೆಗೆ ತುರುಕಿದ್ದೇವೆ, ಅಲ್ವಾ?

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ಕುಣಿಯುವವರಿಗೆ ಓಲಪ ಎಂಬ ಹೆಸರು. ಹಾಡು ಬಾಯಿಪಾಠ ಮಾಡಿ, ಕೂತು ವಾದ್ಯ ನುಡಿಸುತ್ತಾ ಹೇಳುವವರಿಗೆ ಹೊಓಪಅ. ಊನಿಕಿಯಲ್ಲಿ ಅವರಿಗೂ ತಮ್ಮದೇ ಪದವಿ ಇದೆ. ನಮ್ಮಲ್ಲಿ ಪಕ್ಕದಲ್ಲಿ ಕೂತವರನ್ನು ಗಮನಿಸುವವರು ಯಾರು? ಹತ್ತು ವರ್ಷ ಕಲಿತ ಹುಡುಗಿಗೆ ಎಷ್ಟೋ ಸಲ ತನ್ನದೇ ಜತಿಯ ಸೊಲ್ಲು, ಅಂದರೆ ಹೆಜ್ಜೆಯ ತಾಳದ ನುಡಿ, ಹೇಳಲು ಬರುವುದಿಲ್ಲ. ತಾಳ ಕೊಟ್ಟರೆ ಕೈ ನಡುಗುತ್ತದೆ. ಮಕ್ಕಳ ತಪ್ಪಲ್ಲ ಇದು. ಯಾರೂ ಕೇಳಿಲ್ಲ, ಅಷ್ಟೇ.

ಆದ್ದರಿಂದ ಮುಂಬಯಿಯ ಕನ್ನಡ ಸಂಘಗಳಿಗೆ, ನೃತ್ಯ ಗುರುಗಳಿಗೆ ನನ್ನದೊಂದು ಬೇಡಿಕೆ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಒಂದು ಬೆಳಗ್ಗೆ ಪರೀಕ್ಷೆ ಇಡಿ. ಮೇಕಪ್ ಬೇಡ, ಅಭ್ಯಾಸದ ಸೀರೆ ಸಾಕು. ಬೇರೆ ಶಾಲೆಯ ಇಬ್ಬರು ಮೂವರು ಗುರುಗಳು ಕೂರಲಿ. ಹುಡುಗಿ ಪೂರ್ತಿ ವರ್ಣ ಮಾಡಲಿ. ಆಮೇಲೆ ತಾಳ ಹಿಡಿದು ಕಿರಿಯ ವಿದ್ಯಾರ್ಥಿನಿಯ ಅಲರಿಪುವಿಗೆ, ಅಂದರೆ ಆರಂಭದ ನೃತ್ಯಕ್ಕೆ, ಸೊಲ್ಲು ಹೇಳುತ್ತಾ ತಾನೇ ನಟುವಾಂಗ ಮಾಡಲಿ. ಗುರುಗಳು ಸರಿ ಅಂದರೆ ಹಾಲ್ ಬುಕ್ ಮಾಡಿ. ಇಲ್ಲವಾದರೆ ಇನ್ನಾರು ತಿಂಗಳು ಕಲಿಯಲಿ, ಏನು ಮಹಾ? ಸಾಲ ಮಾಡಿ ಹಾಲ್ ಹಿಡಿಯುವ ತಂದೆತಾಯಿಗೂ ಉಸಿರಾಡಲು ಸ್ವಲ್ಪ ಸಮಯ ಸಿಗುತ್ತದೆ. ಆ ಖರ್ಚಿನಲ್ಲಿ ನನ್ನ ಸಂಭಾವನೆಯೂ ಇದೆ, ಗೊತ್ತು.

ಪರೀಕ್ಷೆಗೆ ದೊಡ್ಡ ಸಭಾಗೃಹ ಬೇಕಿಲ್ಲ. ವಾರದ ದಿನ ಬೆಳಗ್ಗೆ ಸಂಘದ ಯಾವುದಾದರೂ ಕೋಣೆ ಖಾಲಿ ಇದ್ದೇ ಇರುತ್ತದೆ. ಅದನ್ನು ಬಾಡಿಗೆ ಇಲ್ಲದೆ ಕೊಡಲಿ. ಮೃದಂಗಕ್ಕೆ ನಾನು ಬರುತ್ತೇನೆ. ಸಂಭಾವನೆ ಬೇಡ. ಮುಲುಂಡ್ ದಾಟಿದರೆ ರೈಲಿನ ಟಿಕೆಟ್ ಕೊಟ್ಟರೆ ಸಾಕು.

– ಒಬ್ಬ ಮೃದಂಗ ವಾದಕ, ಡೊಂಬಿವಲಿ ಪೂರ್ವ